ಐದು ಶಿಖರಕ್ಕೆ ಒಂದು ತಂಡ: ಕರ್ನಾಟಕದ ಎತ್ತರದ ಬೆಟ್ಟಗಳನ್ನು ಜೊತೆಯಾಗಿ ಹತ್ತುವ ಬಗೆ

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್. ಕುಮಾರಪರ್ವತ ಅದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಗಿಡ್ಡ, 1,712 ಮೀಟರ್. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ಕಾರು ಹೋಗುತ್ತದೆ, ಆಮೇಲೆ ಉಳಿಯುವುದು ದೇವಸ್ಥಾನದ ಮೆಟ್ಟಿಲು ಮಾತ್ರ. ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿ ಇಳಿದವರಿಗೆ ಮೂರು ದಿನ ಮನೆಯ ಮೆಟ್ಟಿಲು ಇಳಿಯುವಾಗಲೂ ತೊಡೆ ಹಿಡಿದುಕೊಳ್ಳುತ್ತದೆ. ಹೊಸದಾಗಿ ತಂಡ ಕಟ್ಟಲು ಹೊರಟವರು ಮೊದಲು ಈ ವ್ಯತ್ಯಾಸ ತಿಳಿಯಬೇಕು. ಬೆಟ್ಟ ಎಷ್ಟು ಎತ್ತರ ಎನ್ನುವುದು ನಕ್ಷೆಯ ಲೆಕ್ಕ, ಎಲ್ಲಿಂದ ಹತ್ತುತ್ತೇವೆ ಎನ್ನುವುದು ಕಾಲಿನ ಲೆಕ್ಕ.

ಹಲವು ವರ್ಷಗಳಿಂದ ಮೈಸೂರಿನ ಒಂದು ಸಣ್ಣ ತಂಡದ ಜೊತೆ ಈ ಬೆಟ್ಟಗಳಲ್ಲಿ ನಡೆಯುತ್ತಿದ್ದೇನೆ. ನಮ್ಮಲ್ಲಿ ಶಿಕ್ಷಕರಿದ್ದಾರೆ, ಬ್ಯಾಂಕಿನವರಿದ್ದಾರೆ, ನಿವೃತ್ತರಾದ ಇಬ್ಬರಿದ್ದಾರೆ. ಹಣ ಕೊಟ್ಟು ಯಾವುದೋ ಕಂಪನಿಯ ಬಸ್ಸು ಹತ್ತಿ ಹೋಗುವ ಚಾರಣಕ್ಕೂ ನಮ್ಮದೇ ತಂಡ ಕಟ್ಟಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ಒಂದೇ: ಇಲ್ಲಿ ಪಕ್ಕದಲ್ಲಿ ನಡೆಯುವವರ ಉಸಿರು ನಮಗೆ ಗೊತ್ತಿರುತ್ತದೆ. ಅದು ಗೊತ್ತಾಗುವುದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯವನ್ನು ಬೆಟ್ಟಕ್ಕೆ ಹೋಗುವ ಮೊದಲೇ ಕೊಡಬೇಕು.

ಮೊದಲ ಹೆಜ್ಜೆ: ಯಾವ ಬೆಟ್ಟ, ಯಾವ ಕ್ರಮದಲ್ಲಿ

ಚಾರಣಿಗರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಟ್ಟಿಯಲ್ಲಿ ಐದು ಹೆಸರುಗಳಿವೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಅದೇ ಚಂದ್ರದ್ರೋಣ ಸಾಲಿನ ಬಾಬಾಬುಡನ್‌ಗಿರಿ (1,895 ಮೀ.), ಕುದುರೆಮುಖ (1,894 ಮೀ.), ಕೊಡಗಿನ ತಡಿಯಂಡಮೋಳ್ (1,748 ಮೀ.), ಮತ್ತು ಪುಷ್ಪಗಿರಿ ಎಂದೂ ಕರೆಯುವ ಕುಮಾರಪರ್ವತ. ಬೇರೆ ಬೇರೆ ನಕ್ಷೆಗಳಲ್ಲಿ ಈ ಅಂಕಿಗಳು ಕೆಲವು ಮೀಟರ್ ಆಚೀಚೆ ಆಗುತ್ತವೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬಿಳಿಗಿರಿರಂಗನ ಬೆಟ್ಟದ ಸಾಲಿನ ಕತ್ತರಿ ಬೆಟ್ಟವೂ ಸುಮಾರು 1,800 ಮೀಟರ್ ಎತ್ತರದ್ದು. ಆದರೆ ಅದು ಇರುವುದು ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಅದನ್ನು ಪಟ್ಟಿಯಿಂದ ಕೈಬಿಡುವುದೇ ಸರಿ.

ಎತ್ತರದ ಕ್ರಮದಲ್ಲಿ ಹತ್ತಲು ಹೋಗಬೇಡಿ. ಕಷ್ಟದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಅದಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಷ್ಟೇ ಇದೆ. ಅಲ್ಲಿಂದ ತುದಿಗೆ ಹತ್ತಿರಹತ್ತಿರ 13 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ಲೆಕ್ಕ ಹಾಕಿದರೆ ಐದೂಕಾಲು ಗಂಟೆ. ಇದು ನಿಲ್ಲದೆ ನಡೆಯುವ, ಒಳ್ಳೆಯ ಕಸುವಿನ ಒಬ್ಬ ಮನುಷ್ಯನ ಸಮಯ. ಬೆನ್ನಿಗೆ ಚೀಲ ಹೊತ್ತ ಹತ್ತು ಜನರ ಹೊಸ ತಂಡಕ್ಕೆ ಅದನ್ನು ಒಂದೂವರೆ ಪಟ್ಟು ಮಾಡಿ. ಎಂಟು ಗಂಟೆ ಆಯಿತು, ಅದೂ ಹತ್ತುವುದಕ್ಕೆ ಮಾತ್ರ. ಇನ್ನು ಮುಳ್ಳಯ್ಯನಗಿರಿಯನ್ನು ಸರ್ಪದಾರಿ ಎಂಬ ಕಾಲ್ದಾರಿಯಿಂದ ನಡೆದು ಹತ್ತಿದರೆ ಮೂರು ನಾಲ್ಕು ಕಿಲೋಮೀಟರ್, ಅದೇ ಲೆಕ್ಕದಲ್ಲಿ ಎರಡೂವರೆ ಗಂಟೆಯೊಳಗೆ ತುದಿಯ ದೇವಸ್ಥಾನದ ಗದ್ದುಗೆಯ ಮುಂದೆ ಇರುತ್ತೀರಿ.

ಹಾಗಾಗಿ ನಾನು ಹೇಳುವ ಕ್ರಮ ಇದು. ಮೊದಲು ಮುಳ್ಳಯ್ಯನಗಿರಿ, ಕಡ್ಡಾಯವಾಗಿ ಸರ್ಪದಾರಿಯಿಂದ. ಮರುದಿನ ಕಾಲು ಒಪ್ಪಿದರೆ ಬಾಬಾಬುಡನ್‌ಗಿರಿ. ನಂತರ ತಡಿಯಂಡಮೋಳ್. ಆಮೇಲೆ ಕುದುರೆಮುಖ. ಕೊನೆಗೆ ಕುಮಾರಪರ್ವತ. ತಿಂಗಳಿಗೊಂದು ಎಂದು ಆತುರ ಬೇಡ, ಎರಡು ಚಳಿಗಾಲಗಳಿಗೆ ಹಂಚಿಕೊಳ್ಳಿ.

ಎರಡನೇ ಹೆಜ್ಜೆ: ಜನ

ವಾಟ್ಸಾಪ್ ಗುಂಪು ಮಾಡಿ ನೂರು ಜನರನ್ನು ಸೇರಿಸಿದರೆ ತಂಡ ಆಗುವುದಿಲ್ಲ. ಮೊದಲು ನಾಲ್ಕು ಜನ ಸಾಕು. ಆ ನಾಲ್ವರು ಒಬ್ಬರಿಗೊಬ್ಬರು ನೇರವಾಗಿ ಮಾತನಾಡುವವರಾಗಿರಬೇಕು, "ನಿಂಗೆ ಇವತ್ತು ಆಗಲ್ಲ ಕಣೋ, ಇಲ್ಲೇ ಕೂತ್ಕೋ" ಎಂದರೆ ಮುನಿಸಿಕೊಳ್ಳದಂಥವರು. ಒಬ್ಬೊಬ್ಬರು ಇಬ್ಬಿಬ್ಬರನ್ನು ಕರೆತಂದರೆ ಹನ್ನೆರಡಾಯಿತು. ನಮ್ಮ ಅನುಭವದಲ್ಲಿ ಒಂಬತ್ತರಿಂದ ಹನ್ನೆರಡು ಸರಿಯಾದ ಸಂಖ್ಯೆ. ಒಬ್ಬರ ಕಾಲು ಉಳುಕಿದರೆ ಹೊತ್ತು ತರಲು ಆರು ಜನ ಬೇಕು, ಇನ್ನಿಬ್ಬರು ಮುಂದೆ ಓಡಿ ಸಹಾಯ ಕರೆಯಬೇಕು. ಹನ್ನೆರಡು ದಾಟಿದರೆ ಮುಂದಿನವರ ಕೂಗು ಹಿಂದಿನವರಿಗೆ ಕೇಳಿಸುವುದಿಲ್ಲ.

ಹೊಸಬರು ಸೇರುವಾಗ ಒಬ್ಬೊಬ್ಬರ ಜೊತೆಯೂ ಕೂತು ಮಾತನಾಡಿ. ಗುಂಪಿನಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಮಂಡಿನೋವು, ಜೇನು ಕಚ್ಚಿದರೆ ಮೈ ಊದುತ್ತದೆಯೇ, ಎತ್ತರ ಕಂಡರೆ ಹೆದರಿಕೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದೆಲ್ಲ ಕೇಳಿ. ಇದನ್ನು ಯಾರನ್ನೂ ಹೊರಗಿಡಲು ಕೇಳುವುದಲ್ಲ. ನಮ್ಮ ತಂಡದಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ಐದೂ ಶಿಖರ ಮುಗಿಸಿದ್ದಾರೆ. ಅವರ ಚೀಲದ ಯಾವ ಜೇಬಿನಲ್ಲಿ ಗ್ಲೂಕೋಸ್ ಇದೆ ಎಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಪ್ರತಿಯೊಬ್ಬರ ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿ ನಾಯಕರ ಬಳಿ, ಒಂದು ಊರಿನಲ್ಲೇ ಉಳಿಯುವ ಒಬ್ಬರ ಬಳಿ ಇಡಿ.

ತಂಡದಲ್ಲಿ ಹೆಣ್ಣುಮಕ್ಕಳು ಇದ್ದರೆ ಒಬ್ಬರೇ ಆಗದಂತೆ ನೋಡಿಕೊಳ್ಳಿ. ಬಯಲಿಗೆ ಹೋಗಬೇಕಾದಾಗ, ಮುಟ್ಟು ಬಂದಾಗ ಜೊತೆಗೊಬ್ಬರು ಬೇಕಾಗುತ್ತದೆ, ಅದನ್ನು ಬಾಯಿಬಿಟ್ಟು ಹೇಳುವ ಪರಿಸ್ಥಿತಿ ತರಬಾರದು. ಬೋಳುಗುಡ್ಡದಲ್ಲಿ ಮರೆ ಸಿಗುವುದಿಲ್ಲ. ಹೊರಡುವ ಮುನ್ನ ಮತ್ತು ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲುವ ರೂಢಿ ಮಾಡಿಕೊಳ್ಳಿ.

ಮೂರನೇ ಹೆಜ್ಜೆ: ಬೆಟ್ಟಕ್ಕೆ ಹೋಗುವ ಮೊದಲೇ ಒಪ್ಪಿಕೊಳ್ಳಬೇಕಾದ ಮಾತು

ನಮ್ಮ ತಂಡ ಶುರುವಾದ ವರ್ಷ ತಡಿಯಂಡಮೋಳಿನಲ್ಲಿ ಹನ್ನೊಂದು ಜನ ಹೊರಟೆವು. ಕೊನೆಯ ಕಡಿದಾದ ಏರಿಗೆ ಮುಂಚೆ ಮಂಜು ಇಳಿಯಿತು. ಗಟ್ಟಿ ಕಾಲಿನ ನಾಲ್ವರು ಮುಂದೆ ಹೋಗಿಬಿಟ್ಟಿದ್ದರು. ಹಿಂದುಳಿದ ಇಬ್ಬರು ತಪ್ಪು ಕವಲು ಹಿಡಿದು ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡಿನೊಳಗೆ ಇಳಿದಿದ್ದರು. ನಡುವಿನವರಾದ ನಮಗೆ ಎರಡೂ ಕಡೆಯವರು ಕಾಣುತ್ತಿರಲಿಲ್ಲ. ಮುಕ್ಕಾಲು ಗಂಟೆ ಕೂಗಿ ಕೂಗಿ ಗಂಟಲು ಒಡೆದ ಮೇಲೆ ಕೆಳಗಿನಿಂದ ಒಂದು ಓಗೊಡುವಿಕೆ ಕೇಳಿಸಿತು. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ನೆನಪಿದೆ. ಯಾರದೂ ಕೆಟ್ಟ ಮನಸ್ಸಿರಲಿಲ್ಲ, ಮಾತು ಮಾತ್ರ ಆಗಿರಲಿಲ್ಲ.

ಅಂದಿನಿಂದ ಮೂರು ಕೆಲಸಗಳನ್ನು ಮೂವರಿಗೆ ಹಂಚುತ್ತೇವೆ. ದಾರಿ ಗೊತ್ತಿರುವವರು ಮುಂದೆ. ಅವರನ್ನು ದಾಟಿ ಯಾರೂ ಹೋಗುವಂತಿಲ್ಲ. ಕಟ್ಟಕಡೆಯಲ್ಲಿ ಒಬ್ಬರು, ನಾವು ಅವರನ್ನು ಕೊನೆಯಾಳು ಎನ್ನುತ್ತೇವೆ, ಅವರ ಹಿಂದೆ ಯಾರೂ ಉಳಿಯುವಂತಿಲ್ಲ. ಕೊನೆಯಾಳು ತಂಡದಲ್ಲೇ ಹೆಚ್ಚು ಕಸುವಿರುವವರಾಗಬೇಕು. ತಾಳ್ಮೆಯೂ ಪ್ರಥಮಚಿಕಿತ್ಸೆಯ ಪೆಟ್ಟಿಗೆಯೂ ಅವರ ಹತ್ತಿರವೇ ಇರಬೇಕು. ನಾಯಕರು ನಡುವೆ ಇರುತ್ತಾರೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಿನವರ ಬೆನ್ನ ಹಿಂದೆಯೇ, ಎರಡನೆಯವರಾಗಿ ಇರಿಸುತ್ತೇವೆ. ಇದೊಂದು ಬದಲಾವಣೆಯಿಂದ ನಮ್ಮ ನಡಿಗೆಯೇ ಬೇರೆಯಾಯಿತು. ನಿಧಾನ ನಡೆಯುವವರು ಹಿಂದೆ ಇದ್ದಾಗ ಏದುಸಿರು ಬಿಡುತ್ತ ಬಂದು ಮುಟ್ಟುವಷ್ಟರಲ್ಲಿ ಮುಂದಿನವರ ದಣಿವು ಆರಿ ಎದ್ದು ಹೊರಟಿರುತ್ತಾರೆ, ಹಿಂದಿನವರಿಗೆ ಕೂರುವ ಅವಕಾಶವೇ ಸಿಗುವುದಿಲ್ಲ. ಎರಡನೆಯವರಾದಾಗ ತಂಡದ ವೇಗವೇ ಅವರ ವೇಗ. ಪ್ರತಿ ಕವಲಿನಲ್ಲೂ ಎಲ್ಲರೂ ಬಂದು ಸೇರಿ, ತಲೆ ಎಣಿಸಿ, ಆಮೇಲೆ ಹೆಜ್ಜೆ.

ಇನ್ನೊಂದು ಮಾತು ಹಿಂದಿರುಗುವ ಹೊತ್ತಿನದು. ಡಿಸೆಂಬರಿನಲ್ಲಿ ನಮ್ಮ ಬೆಟ್ಟಗಳಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮುಂಚೆ ಕತ್ತಲು. ಕುದುರೆಮುಖವನ್ನೇ ತೆಗೆದುಕೊಳ್ಳಿ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ತುದಿಗೆ ಸುಮಾರು 10 ಕಿಲೋಮೀಟರ್. ರಾಷ್ಟ್ರೀಯ ಉದ್ಯಾನದೊಳಗೆ ಡೇರೆ ಹಾಕುವಂತಿಲ್ಲ, ಸಂಜೆಯೊಳಗೆ ಇಳಿದಿರಲೇಬೇಕು. ಇಳಿಯಲು ನಾಲ್ಕು ಗಂಟೆ ಇಟ್ಟುಕೊಂಡರೂ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರುತ್ತೇವೋ ಅಲ್ಲಿಂದ ತಿರುಗಬೇಕು. ಶಿಖರ ಇನ್ನು ಹದಿನೈದೇ ನಿಮಿಷ ಎಂದರೂ ತಿರುಗಬೇಕು. ಆ ಹೊತ್ತನ್ನು ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ. ಬೆಟ್ಟದ ಮೇಲೆ, ತುದಿ ಕಣ್ಣಿಗೆ ಬಿದ್ದ ಮೇಲೆ ಹೇಳಿದರೆ ಜಗಳವಾಗುತ್ತದೆ. ಒಬ್ಬರಿಗೆ ಆಗದಿದ್ದರೆ ಅವರನ್ನು ಒಂಟಿಯಾಗಿ ಕೂರಿಸಿ ಹೋಗಬಾರದು, ಜೊತೆಗಿಬ್ಬರು ಉಳಿಯಬೇಕು. ಯಾರು ಉಳಿಯುತ್ತಾರೆ ಎಂಬುದೂ ಮೊದಲೇ ಗೊತ್ತಿರಲಿ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಖರ್ಚನ್ನು ತಲೆಗಿಷ್ಟು ಎಂದು ಹಂಚಿ, ಲೆಕ್ಕ ಒಬ್ಬರ ಕೈಯಲ್ಲಿರಲಿ, ವಾಪಸ್ ಬಂದ ಎರಡು ದಿನದೊಳಗೆ ಗುಂಪಿನಲ್ಲಿ ಹಾಕಿ. ಚಾರಣದ ಅನುಮತಿ ಸಿಕ್ಕ ಮೇಲೆ ಬರಲಾಗದವರ ಪಾಲು ಮರಳಿಸುವುದಿಲ್ಲ ಎಂದು ಶುರುವಿನಲ್ಲೇ ಒಪ್ಪಿಕೊಳ್ಳಿ.

ನಾಲ್ಕನೇ ಹೆಜ್ಜೆ: ಊರಿನ ಹತ್ತಿರದ ಗುಡ್ಡ

ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರದೆಂಟು ಮೆಟ್ಟಿಲಿಗಿಂತ ಒಳ್ಳೆಯ ಗರಡಿ ಇಲ್ಲ. ಬೆಂಗಳೂರಿನವರಿಗೆ ಸಾವನದುರ್ಗ, ಶಿವಗಂಗೆ, ಸ್ಕಂದಗಿರಿ ಇವೆ. ಆರು ವಾರ ಸಾಕು. ಮೊದಲ ಎರಡು ವಾರ ಚೀಲವಿಲ್ಲದೆ ಹತ್ತಿ. ಮೂರನೇ ವಾರದಿಂದ ಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು ಮೂರು ಕಿಲೋ, ಐದು ಕಿಲೋ, ಏಳು ಕಿಲೋ ಎಂದು ಏರಿಸುತ್ತ ಹೋಗಿ. ತುದಿಯಲ್ಲಿ ಬಾಟಲಿಯ ನೀರು ಚೆಲ್ಲಿ ಇಳಿದರೆ ಮಂಡಿಗೆ ಭಾರ ಬೀಳುವುದಿಲ್ಲ. ಕೊನೆಯ ವಾರ ಎರಡು ಸಲ ಹತ್ತಿ ಎರಡು ಸಲ ಇಳಿಯಿರಿ. ಬಹಳ ಜನ ಏರಿಗೆ ಮಾತ್ರ ತಯಾರಾಗುತ್ತಾರೆ. ಮಂಡಿ ಕೈಕೊಡುವುದು, ಕಾಲು ಜಾರುವುದು, ಹೆಬ್ಬೆರಳಿನ ಉಗುರು ಕಪ್ಪಾಗುವುದು ಎಲ್ಲ ಇಳಿಯುವಾಗಲೇ.

ಈ ವಾರಗಳಲ್ಲಿ ಕಾಲು ಗಟ್ಟಿಯಾಗುವುದರ ಜೊತೆಗೆ ಜನರ ಪರಿಚಯವೂ ಆಗುತ್ತದೆ. ಸುಸ್ತಾದಾಗ ಯಾರು ಮೌನವಾಗುತ್ತಾರೆ, ಯಾರು ಸಿಡುಕುತ್ತಾರೆ, ಯಾರು ನೀರು ಕುಡಿಯಲು ಮರೆಯುತ್ತಾರೆ ಎಂದು ನೋಡಿಟ್ಟುಕೊಳ್ಳಿ. ಸತತವಾಗಿ ಮೂರು ಭಾನುವಾರ ತಪ್ಪಿಸಿದವರನ್ನು ಈ ಸಲದ ದೊಡ್ಡ ಬೆಟ್ಟಕ್ಕೆ ಕರೆದೊಯ್ಯುವುದು ಬೇಡ. ಹೇಳಲು ಕಷ್ಟ, ಆದರೂ ಹೇಳಿ.

ಐದನೇ ಹೆಜ್ಜೆ: ಕಾಲ ಮತ್ತು ಅನುಮತಿ

ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆಯ ಕಾಲ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಅರಣ್ಯ ಇಲಾಖೆ ಎಷ್ಟೋ ದಾರಿಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಕುಮಾರಪರ್ವತ ಬಂದ್.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದನ್ನು ನೀವೂ ನೋಡಿರುತ್ತೀರಿ. ಅದರ ನಂತರ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಮತ್ತೆ ತೆರೆದಾಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಕಾದಿರಿಸಬೇಕು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ನನ್ನ ಮಟ್ಟಿಗೆ ಇದು ತುಂಬ ಒಳ್ಳೆಯದಾಯಿತು. ಆ ಹುಲ್ಲಿನ ಗುಡ್ಡಗಳ ಮೇಲೆ ಕಾಲ್ದಾರಿ ಅಗಲವಾಗುತ್ತ ಮಣ್ಣು ಕೊಚ್ಚಿಹೋಗುವುದನ್ನು ಕಣ್ಣಾರೆ ಕಂಡಿದ್ದೇವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಇದೇ ಶೋಲಾ ಹುಲ್ಲುಗಾವಲಿನ ಸೀಮೆಯಲ್ಲಿ.

ಕಾದಿರಿಸುವಾಗ ಎಲ್ಲರ ಗುರುತಿನ ಚೀಟಿಯ ವಿವರ ಕೈಯಲ್ಲಿರಲಿ, ಹೊರಡುವಾಗ ಮೂಲ ಚೀಟಿ ಜೇಬಿನಲ್ಲಿರಲಿ. ದಾರಿ ತೆರೆದಿದೆಯೇ, ಗೈಡ್ ಕಡ್ಡಾಯವೇ, ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ರಾತ್ರಿ ಉಳಿಯಲು ಅವಕಾಶವಿದೆಯೇ ಎಂದು ಹೊರಡುವ ವಾರ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಈ ನಿಯಮಗಳು ಋತುವಿಗೊಮ್ಮೆ ಬದಲಾಗುತ್ತವೆ. ಅನುಮತಿಯಿಲ್ಲದೆ ವನ್ಯಧಾಮದೊಳಗೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. "ಹಿಂದಿನ ದಾರಿಯಿಂದ ಹೋಗೋಣ" ಎನ್ನುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ.

ಗೈಡ್ ಕಡ್ಡಾಯವಲ್ಲದ ಕಡೆಯೂ ಊರಿನವರೊಬ್ಬರನ್ನು ಕರೆದುಕೊಳ್ಳಿ. ಆನೆ ನಿನ್ನೆ ಯಾವ ಕಡೆ ಇಳಿಯಿತು, ಹಳ್ಳದಲ್ಲಿ ನೀರಿದೆಯೇ ಎಂಬುದು ಫೋನಿನ ನಕ್ಷೆಯಲ್ಲಿ ಇರುವುದಿಲ್ಲ. ನಮಗೆ ದಾರಿ ತೋರಿಸಿದ ಮಲೆನಾಡಿನ ಅಣ್ಣಂದಿರು ಹುಲ್ಲು ಮಲಗಿರುವುದನ್ನು ನೋಡಿಯೇ ದಿಕ್ಕು ಬದಲಿಸಿದ್ದಾರೆ. ಕೂಲಿ ಮೊದಲೇ ಮಾತಾಡಿ, ಚೌಕಾಸಿ ಮಾಡಬೇಡಿ, ನಿಮ್ಮ ಬುತ್ತಿಯಲ್ಲಿ ಅವರಿಗೂ ಪಾಲಿರಲಿ.

ಆರನೇ ಹೆಜ್ಜೆ: ಚೀಲ

ಒಬ್ಬೊಬ್ಬರಿಗೂ ಮೂರು ಲೀಟರ್ ನೀರು. ಕುಮಾರಪರ್ವತದಲ್ಲಿ ದಾರಿ ನಡುವಿನ ಭಟ್ಟರಮನೆ ದಾಟಿದ ಮೇಲೆ ನೀರು ನೆಚ್ಚಬಹುದಾದ ಜಾಗ ಕಲ್ಲುಮಂಟಪದ ಹತ್ತಿರ, ಬೇಸಿಗೆ ಸಮೀಪಿಸಿದಂತೆ ಅದೂ ಸಣ್ಣಗಾಗುತ್ತದೆ. ತುಳಿದು ಪಳಗಿದ, ಅಡಿಯಲ್ಲಿ ಹಿಡಿತವಿರುವ ಶೂ. ಹೊಸ ಶೂ ಹಾಕಿ ಬಂದವರ ಹಿಮ್ಮಡಿಯಲ್ಲಿ ಎರಡನೇ ಗಂಟೆಗೆ ಬೊಕ್ಕೆ. ತಲೆಗೆ ಕಟ್ಟುವ ಟಾರ್ಚು, ಹಗಲಿನ ಚಾರಣಕ್ಕೂ. ಮಳೆ ಅಂಗಿ, ಒಂದು ಬೆಚ್ಚನೆಯ ಅಂಗಿ, ಸೀಟಿ. ಪವರ್ ಬ್ಯಾಂಕ್, ಮೊದಲೇ ಇಳಿಸಿಕೊಂಡ ನಕ್ಷೆ; ಸಿಗ್ನಲ್ ನಂಬಿ ಹೋಗಬೇಡಿ.

ಬುತ್ತಿಗೆ ನಮ್ಮ ಅಡುಗೆಯೇ ಸರಿ. ಪುಳಿಯೋಗರೆ ಮಧ್ಯಾಹ್ನದವರೆಗೂ ಕೆಡುವುದಿಲ್ಲ, ಚಪಾತಿಗೆ ಚಟ್ನಿಪುಡಿ ಸುತ್ತಿಕೊಂಡರೆ ನಿಂತೇ ತಿನ್ನಬಹುದು. ಕಡಲೆಮಿಠಾಯಿ, ಖರ್ಜೂರ, ಬಾಳೆಹಣ್ಣು ದಾರಿಯುದ್ದಕ್ಕೂ. ಹಸಿವಾದಾಗ ತಿನ್ನೋಣ ಎನ್ನಬೇಡಿ, ಗಂಟೆಗೊಮ್ಮೆ ಒಂದು ತುತ್ತು. ಓಆರ್‌ಎಸ್ ಪೊಟ್ಟಣ ಎಲ್ಲರ ಬಳಿಯೂ ಇರಲಿ.

ಔಷಧದ ಪೆಟ್ಟಿಗೆಯ ವಿಷಯದಲ್ಲಿ ಮೂರು ಅಪಾಯಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಂಬಳ, ಅಂದರೆ ಕಾಡಿನ ಜಿಗಣೆ, ಹೆದರಿಸುತ್ತದೆ, ಅಪಾಯ ಮಾಡುವುದಿಲ್ಲ. ಉಪ್ಪು ತಾಗಿಸಿದರೆ ಉದುರುತ್ತದೆ, ಗಾಯ ತೊಳೆದು ಒತ್ತಿ ಹಿಡಿದರೆ ಸಾಕು. ಉಣ್ಣಿ ಹಾಗಲ್ಲ. ಅದು ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಅಂದರೆ ಚಾರಣದ ಕಾಲವೂ ಅದೇ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಉಣ್ಣಿಯನ್ನು ದೂರವಿಡುವ ಡೀಪಾ ತೈಲ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಮಲಗಬೇಡಿ, ಸತ್ತ ಮಂಗ ಕಂಡರೆ ಆ ಜಾಗದಿಂದ ದೂರ ಸರಿದು ಅರಣ್ಯದವರಿಗೆ ತಿಳಿಸಿ. ಊರಿಗೆ ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಎಂದು ಮೊದಲ ಮಾತಿನಲ್ಲೇ ಹೇಳಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ತನ್ನಿ. 112ಕ್ಕೋ 108ಕ್ಕೋ ಕರೆ ಮಾಡಿ. ಆರು ಜನ ಬೇಕು ಎಂದಿದ್ದು ಇದಕ್ಕೇ.

ಏಳನೇ ಹೆಜ್ಜೆ: ಬೆಟ್ಟದ ದಿನ

ಬೆಳಕು ಹರಿಯುವಷ್ಟರಲ್ಲಿ ತಿಂಡಿ ಮುಗಿದಿರಬೇಕು. ಕುದುರೆಮುಖಕ್ಕಾದರೆ ಸಂಸೆ ಕಡೆಯ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪು, ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ನಡೆಯಿರಿ, ಮಾತಾಡುತ್ತ ನಡೆಯಲು ಆಗುವಷ್ಟು. ಆಮೇಲೆ ನಿಂತು ಬೆಚ್ಚನೆಯ ಅಂಗಿ ಕಳಚಿ, ಶೂ ಲೇಸು ಬಿಗಿ ಮಾಡಿ, ಮುಖಗಳನ್ನು ನೋಡಿ. ತಡಿಯಂಡಮೋಳಿನಲ್ಲಿ ನಾಲ್ಕುನಾಡು ಅರಮನೆಯ ಹತ್ತಿರವೇ ಏರು ಶುರುವಾಗುವುದರಿಂದ, ಹಾಲೇರಿ ಅರಸು ದೊಡ್ಡವೀರರಾಜೇಂದ್ರನ ಕಾಲದ ಆ ಮನೆಯನ್ನು ಇಳಿದು ಬಂದ ಮೇಲೆ ಆರಾಮವಾಗಿ ನೋಡಿ.

ಗಂಟೆಗೊಮ್ಮೆ ಐದು ನಿಮಿಷ ಮಾತ್ರ ಕೂರಿ. ಇಪ್ಪತ್ತು ನಿಮಿಷ ಕೂತರೆ ಮೈ ತಣ್ಣಗಾಗಿ ಏಳುವುದೇ ಕಷ್ಟ. ಸಿಡಿಲಿನ ಸದ್ದು ಕೇಳಿದರೆ ಬೋಳು ಏಣು ಬಿಟ್ಟು ತಕ್ಷಣ ಕೆಳಗಿಳಿಯಿರಿ. ಕುದುರೆಮುಖದ ದಾರಿಯ ಪ್ರಸಿದ್ಧ ಒಂಟಿಮರ ಬಿಸಿಲಿಗೆ ತಂಪು, ಗುಡುಗಿಗೆ ಅದರಡಿ ನಿಲ್ಲಬಾರದು. ಮಂಜು ಮುಚ್ಚಿದರೆ ಮುಂದಿನವರ ಚೀಲ ಕಾಣುವಷ್ಟು ಹತ್ತಿರ ಬನ್ನಿ. ಸೀಟಿ ಒಂದು ಸಲ ಊದಿದರೆ ನಿಲ್ಲಿ, ಮೂರು ಸಲ ಊದಿದರೆ ತೊಂದರೆ, ಎಲ್ಲರೂ ಸದ್ದಿನ ಕಡೆಗೆ ಬನ್ನಿ. ಹಳ್ಳದಲ್ಲಿ ಸೋಪು ಬಳಸಬೇಡಿ, ಬಾಳೆಸಿಪ್ಪೆಯನ್ನೂ ಬಿಡದೆ ಕಸವೆಲ್ಲ ವಾಪಸ್ ತನ್ನಿ. ಕುಮಾರಪರ್ವತದ ದಾರಿಯ ಶೇಷಪರ್ವತದ ಬಂಡೆಯ ಅಂಚಿನಲ್ಲಿ, ಮುಳ್ಳಯ್ಯನಗಿರಿಯ ಕಟ್ಟೆಯ ಮೇಲೆ ಫೋಟೋಗಾಗಿ ಹಿಂದೆ ಹಿಂದೆ ಸರಿಯುವವರ ಮೇಲೆ ಕೊನೆಯಾಳು ಕಣ್ಣಿಟ್ಟಿರಬೇಕು.

ಎಂಟನೇ ಹೆಜ್ಜೆ: ಇಳಿದು ಬಂದ ಮೇಲೆ

ಕೆಳಗೆ ತಲುಪಿದ ಕೂಡಲೇ ತಲೆ ಎಣಿಸಿ, ಊರಿನಲ್ಲಿ ಹಾಳೆ ಇಟ್ಟುಕೊಂಡವರಿಗೆ ಫೋನ್ ಮಾಡಿ. ಅವರಿಗೆ ಹೊರಡುವಾಗಲೇ "ರಾತ್ರಿ ಎಂಟರೊಳಗೆ ನಮ್ಮ ಕರೆ ಬರದಿದ್ದರೆ ಅರಣ್ಯ ಕಚೇರಿಗೆ ಹೇಳಿ" ಎಂದು ತಿಳಿಸಿರಬೇಕು.

ಒಂದು ವಾರದೊಳಗೆ ಯಾರದಾದರೂ ಮನೆಯಲ್ಲಿ ಕಾಫಿಗೆ ಸೇರಿ. ಎಷ್ಟು ಗಂಟೆಗೆ ಎಲ್ಲಿದ್ದೆವು, ನೀರು ಎಲ್ಲಿ ಸಿಕ್ಕಿತು, ಯಾರಿಗೆ ಎಲ್ಲಿ ಕಷ್ಟವಾಯಿತು, ಗೈಡ್ ಅಣ್ಣನ ನಂಬರ್ ಯಾವುದು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಲೆಕ್ಕ ಮುಗಿಸಿ.

ಎರಡು ಮೂರು ಬೆಟ್ಟವಾದ ಮೇಲೆ ಸಂಘ ನೋಂದಾಯಿಸೋಣವೇ ಎಂಬ ಮಾತು ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಹದಿನೆಂಟು ದಾಟಿದ ಏಳು ಜನ ಇದ್ದರೆ ಸಾಕು. ಹಗ್ಗ, ಡೇರೆ, ಔಷಧ ಪೆಟ್ಟಿಗೆಗಳನ್ನು ತಂಡದ ಹೆಸರಿನಲ್ಲಿ ಕೊಳ್ಳಬೇಕು, ಬ್ಯಾಂಕ್ ಖಾತೆ ಬೇಕು ಎಂದಾಗ ಅದರ ಬಗ್ಗೆ ಯೋಚಿಸಿ. ವರ್ಷಕ್ಕೆ ನಾಲ್ಕು ಸಲ ಬೆಟ್ಟಕ್ಕೆ ಹೋಗುವ ಹತ್ತು ಗೆಳೆಯರಿಗೆ ಅದರ ಅಗತ್ಯವಿಲ್ಲ.

ಅಗತ್ಯವಿರುವುದು ಇನ್ನೊಬ್ಬ ನಾಯಕರದು. ಪ್ರತಿ ಬೆಟ್ಟಕ್ಕೂ ನಾಯಕರನ್ನು ಬದಲಿಸಿ, ಹಳಬರು ಕೊನೆಯಾಳಾಗಿ ಹಿಂದೆ ನಡೆಯಲಿ. ನಮ್ಮ ಕಳೆದ ಕುಮಾರಪರ್ವತಕ್ಕೆ ಮುಂದಾಳತ್ವ ವಹಿಸಿದ್ದು, ಮೊದಲ ವರ್ಷ ತಡಿಯಂಡಮೋಳಿನ ಮಂಜಿನಲ್ಲಿ ತಪ್ಪು ಕವಲು ಹಿಡಿದ ಇಬ್ಬರಲ್ಲಿ ಒಬ್ಬರು. ಪ್ರತಿ ಕವಲಿನಲ್ಲೂ ಅವರು ನಿಂತು ಹನ್ನೆರಡು ತಲೆ ಎಣಿಸಿದರು, ಎರಡೆರಡು ಸಲ.